ಅದು ಯಾರ ಮೇಲೆ ಬೀಳ್ತದೆ?

ಚಪ್ಪಾಳೆ ತಟ್ಟಿದ್ದು ನನ್ನ ಕೈಗಳೇನಾ...? ಅಣ್ಣ ರಂಗೂನಿನಲ್ಲಿ ಬಾಂಬಿಗೆ ಸಿಕ್ಕಿ ಸತ್ತು ಎರಡು ವರ್ಷವೂ ಆಗಿಲ್ಲ. ನಾನು ಬಾಂಬು ಮಾಡಿದವನಿಗೆ ಚಪ್ಪಾಳೆ ತಟ್ಟಿದೆನಾ?

ಸಂತೇಬೆನ್ನೂರಿನ ಸಿನಿಮಾ ಟೆಂಟಿನಲ್ಲಿ, ಹೆಂಗಸರ ಕಡೆ ಕೂತಿದ್ದ ರುದ್ರಾಣಿಗೆ ತನ್ನ ಕೈ ನೋಡಲು ಹೇಸಿಗೆಯಾಯಿತು.

ಯುದ್ಧದ ಇಂಗ್ಲಿಷ್ ಚಿತ್ರ. ಹೊಸ ಬಾಂಬು ಕಂಡುಹಿಡಿದ ಎಂಜಿನಿಯರನ ಕಥೆ. ಪರದೆಯ ಪಕ್ಕ ನಿಂತು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದವನು ಕೊಟ್ರಬಸಪ್ಪ. ಅವಳಿಗೆಂದು ಮನೆಯವರು ಮಾತಾಡಿಟ್ಟ ಗಂಡು! ಆ ದನಿಗೆ ಟೆಂಟೇ ಕರಗಿತ್ತು. ಅವಳೂ...

ಮರುದಿನ ಬೆಳಿಗ್ಗೆ ರುದ್ರಾಣಿ ತನ್ನ ಚಿಕ್ಕಮ್ಮ ಬಂಗಾರಮ್ಮನನ್ನು ಎಳೆದುಕೊಂಡು ಅವನನ್ನು ಕಾಣಲು ಟೆಂಟಿಗೆ ಬಂದಳು.

"ಎಲ್ಲಾ ಕಡೆ ಹೆಣ್ಣು ನೋಡಾಕೆ ಗಂಡು ಬರ್ತಾನೆ. ನಮ್ಮದು ತಿರುವುಮುರುವು!" ಚಿಕ್ಕಮ್ಮ ನಕ್ಕಳು.

ರುದ್ರಾಣಿ ನಗದೆ ಕೊಟ್ರಬಸಪ್ಪನನ್ನು ಕೇಳಿದಳು: "ಬಾಂಬು ಮಾಡಿದೋನು ದೇವರೇನ್ರೀ, ಅಷ್ಟು ಹೊಗಳಾಕೆ?"

"ಅವನು ನಮ್ ಕಡೆಯೋನು ಕಣ್ರೀ. ನಿಮ್ಮಣ್ಣನ್ನ ಕೊಂದೋರ ಮೇಲೆ ಹಾಕಾಕೇ ಮಾಡಿದ್ದು. ಮಾಡ್ದೆ ಇದ್ದಿದ್ರೆ ಇನ್ನೆಷ್ಟು ಜನ ಸಾಯ್ತಿದ್ರೋ..."

"ಅಲ್ಲೂ ಕೆಳಗೆ ನಮ್ಮಣ್ಣನಂಥೋನು ಗುಮಾಸ್ತಿಕೆ ಮಾಡ್ತಾ ಕೂತಿದ್ರೆ?"

ಅವನು ಪರದೆಯ ಕಡೆ ತಿರುಗಿದ.

"ಟೆಂಟು ಮುಂದೆ ಹೊನ್ನಾಳಿಗೆ ಹೋಗ್ತದಲ್ಲ, ಅಲ್ಲಿ ಒಂದೇ ಮಾತು ಸೇರಿಸ್ರಿ. ಇದು ಯಾರ ಮೇಲೆ ಬೀಳ್ತದೆ ಅಂತ ಜನಾನ ಕೇಳ್ರಿ. ನಾನೇ ಬಂದು ಕೇಳಿಸ್ಕಂತೀನಿ. ಆಮೇಲೆ ಲಗ್ನ."

"ಮಾಲೀಕ್ರು ಓಡಿಸ್ತಾರೆ ಕಣ್ರೀ."

"ಓಡಿಸ್ಲಿ. ನಾನಿರ್ತೀನಲ್ಲ!"

ಹೊನ್ನಾಳಿಯ ಮೊದಲ ಆಟದ ದಿನ ಅವಳು ಹತ್ತಿದ್ದ ಬಸ್ಸು ಏರಿನಲ್ಲಿ ನಿಂತುಬಿಟ್ಟಿತು. ಯುದ್ಧ ಬಂದ ಮೇಲೆ ಪೆಟ್ರೋಲಿಲ್ಲ. ಇದ್ದಿಲು ಉರಿಸಿ ಓಡಿಸುವ ಬಸ್ಸು. ಗಂಡಸರೆಲ್ಲ ಇಳಿದು ತಳ್ಳಿದರು. ಅದು ಕದಲಲಿಲ್ಲ.

ಅತ್ತ ಟೆಂಟಿನಲ್ಲಿ ಕೊಟ್ರಬಸಪ್ಪ ಹೆಂಗಸರ ಕಡೆಗೇ ನೋಡುತ್ತಿದ್ದ. ಅವಳಿಲ್ಲ... ಆದರೂ ಬಾಂಬು ಬೀಳುವ ಹೊತ್ತಿಗೆ, "ಇದು ಯಾರ ಮೇಲೆ ಬೀಳ್ತದೆ?" ಎಂದ.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆಟ ಮುಗಿಯುವ ಮೊದಲೇ ಮಾಲೀಕ ಅವನನ್ನು ಹೊರಗೆ ದಬ್ಬಿದ.

ಅವಳು ಬರಲೇ ಇಲ್ಲ, ನಾನು ಬೇಡವಾದೆ ಎಂದುಕೊಂಡ. ಊರು ಬಿಟ್ಟ.

ಮರುದಿನ ರುದ್ರಾಣಿ ಬಂದಾಗ ಪರದೆಯ ಪಕ್ಕ ಬೇರೊಬ್ಬನಿದ್ದ. ಚಪ್ಪಾಳೆಯೋ ಚಪ್ಪಾಳೆ!

"ಕೊಟ್ರಬಸಪ್ಪನಾ? ಕೆಲ್ಸ ಬಿಟ್ಟು ಹೋದ," ಎಂದ ಮಾಲೀಕ.

ಹೆದರಿ ಓಡಿಹೋದನಾ...?

ನಾಲ್ಕು ತಿಂಗಳ ಮೇಲೆ ನ್ಯಾಮತಿಯಲ್ಲಿ, ಬಸ್ಸು ನಿಲ್ಲುವ ಕಡೆ, ಬೆಲ್ಲದ ಮೂಟೆ ಇಳಿಸುತ್ತಿದ್ದ ಕೊಟ್ರಬಸಪ್ಪ ತಲೆಯೆತ್ತಿದ. ರುದ್ರಾಣಿ! ಕೊರಳಲ್ಲಿ ಹೊಸ ತಾಳಿ.

"ಜಗಳೂರಿಗೆ ಕೊಟ್ರು," ಎಂದಳು.

"ಒಳ್ಳೇ ಜನಾನಾ?"

"ಹ್ಞೂಂ... ಅವತ್ತು ಬಸ್ಸು ಕೆಟ್ಟುಹೋಗಿತ್ತು. ಮಾರನೇ ದಿನ ಬಂದೆ, ನೀವಿರಲಿಲ್ಲ. ನಿಮ್ಮನ್ನೇ ಕಟ್ಕಬೇಕು ಅಂತಿದ್ದೆ ಕಣ್ರೀ. ಒಂದು ಮಾತು ಹೇಳಾಕೆ ಅಷ್ಟು ಹೆದರಿಕೇನಾ?"

ಅವನಿಗೆ ಈಗ ಎಲ್ಲವೂ ತಿಳಿಯಿತು. ಬಾಯಿ ತೆರೆದ. ಅವಳ ಕೊರಳು ನೋಡಿ ಮುಚ್ಚಿದ.

"ಹ್ಞೂಂ ರೀ... ಹೆದರಿದ್ದೆ."

"ಹೆದರಿದ್ರೂ ಮನೆಗೆ ಬಂದಿದ್ರೆ ಸಾಕಾಗಿತ್ತು," ಎಂದು ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು.

"ಹಿಂದಿನ ಸೀಟಿನಾಗೆ ಕೂತ್ಕಬ್ಯಾಡ್ರಿ, ಹೊಗೆ ಬರ್ತದೆ."

"ಆಗ್ಲಿ ರೀ..."

ಹೊನ್ನಾಳಿಯಲ್ಲಿ ಮೊದಲ ದಿನವೇ ಟೆಂಟಿನ ಜನರನ್ನು ಆ ಮಾತು ಕೇಳಿದ್ದೆನೆಂದು ಅವನು ಅವಳಿಗೆ ಹೇಳಲೇ ಇಲ್ಲ.