ಎಡಗಡೆಯ ನಟ್ಟು

"ನನ್ನ ಗಂಡನ್ನ ಕೊಲ್ಲೋಕೆ ನೋಡಿದವರು ನಮ್ಮ ಮನೇಲೇ ಇದ್ದಾರೆ," ಎಂದಳು ಆ ಹೆಂಗಸು. "ಯಾರು ಅಂತ ಗೊತ್ತಿಲ್ಲ. ನಿನ್ನೆಯಿಂದ ಆ ಮನೇಲಿ ಒಂದು ಲೋಟ ನೀರೂ ಕುಡಿದಿಲ್ಲ."

ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಮತ್ತೆ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಗಂಡನ ಹಾಸಿಗೆಯ ಪಕ್ಕ ತನ್ನ ತಂಗಿಯನ್ನು ಕೂರಿಸಿ ಬಂದಿದ್ದಳಂತೆ. "ನಾನು ಬರೋವರೆಗೂ ಯಾರನ್ನೂ ಒಳಗೆ ಬಿಡಬೇಡ, ಮಾವ ಬಂದ್ರೂ ಅಷ್ಟೇ, ಮೈದುನ ಬಂದ್ರೂ ಅಷ್ಟೇ" ಎಂದು ಆಣೆ ಹಾಕಿಸಿಕೊಂಡಿದ್ದಳು.

ಟಾರ್ಚಮ್ಮ ಅವಳ ಮುಂದೆ ನೀರಿನ ಲೋಟ ಇಟ್ಟರು. "ಇದು ನನ್ನ ಮನೆ ನೀರು. ಮೊದಲು ಕುಡಿ, ಆಮೇಲೆ ಹೇಳು."

ಟಾರ್ಚಮ್ಮ ಎಂಬುದು ನಮ್ಮ ಬೀದಿಯವರು ಇಟ್ಟ ಹೆಸರು. ಅಪಘಾತವಾದ ವಾಹನಗಳ ತಪಾಸಣೆ ಮಾಡಿ ನಿವೃತ್ತರಾದವರು. ಕೈಚೀಲಕ್ಕೆ ಕನ್ನಡಕ ಹಾಕಲು ಮರೆತಾರು, ಟಾರ್ಚ್ ಮರೆಯುವವರಲ್ಲ. ಅವರ ಮನೆಯ ಕೆಳಗೇ ನನ್ನ ಫೋಟೋ ಸ್ಟುಡಿಯೋ. ಅವರು ಬೆಳಕು ಬಿಟ್ಟ ಕಡೆ ಕ್ಯಾಮೆರಾ ತಿರುಗಿಸುವುದು ಬಹಳ ವರ್ಷಗಳಿಂದ ನನ್ನ ಕೆಲಸ.

ಹೆಂಗಸು ಗಟಗಟನೆ ಕುಡಿದು ಹೇಳತೊಡಗಿದಳು. ಅವಳ ಗಂಡ ಗುಡ್ಡದ ಮೇಲಿನ ಊರುಗಳಿಗೆ ಔಷಧಿ, ಸಿಲಿಂಡರು, ದಿನಸಿ ಸಾಗಿಸುವ ಟ್ರಕ್ಕಿನ ಚಾಲಕ. ಅದಕ್ಕೂ ಮುಂಚೆ ಅದೇ ಗಾಡಿಯನ್ನು ಅದೇ ದಾರಿಯಲ್ಲಿ ಓಡಿಸಿದವರು ಅವಳ ಮಾವ. ದಾರಿಯ ಬಂಡೆಗಳು ಗಾಡಿಯ ಹೊಟ್ಟೆಗೆ ಬಡಿಯುತ್ತವೆಂದು ಅಣ್ಣತಮ್ಮಂದಿರು ಗಾಡಿಯನ್ನು ಎತ್ತರಿಸುವ ನಿರ್ಧಾರ ಮಾಡಿದ್ದರು.

"ಮೆಕ್ಯಾನಿಕ್ ಅಣ್ಣನ ಶೆಡ್ಡಲ್ಲಿ ಒಂದಿಡೀ ದಿನ ಜಗಳ ಆಯ್ತಮ್ಮ. ಆರು ಇಂಚು ಎತ್ತಬೇಕು ಅಂತ ಮೈದುನ. ಎರಡೇ ಸಾಕು, ಅದರ ಬದಲು ಕುಲುಕಾಟ ತಡೆಯೋ ಒಳ್ಳೇ ಶಾಕ್ ಹಾಕಿಸಿ ಅಂತ ಮೆಕ್ಯಾನಿಕ್ ಅಣ್ಣ. ಕೊನೆಗೆ ನಮ್ಮವರು ಮೂರಕ್ಕೆ ಒಪ್ಪಿಸಿದ್ರು. ಮೈದುನ ಮುಖ ಊದಿಸ್ಕೊಂಡ, ಆದ್ರೂ ಹೊಸ ಭಾಗಕ್ಕೆಲ್ಲಾ ಅವನೇ ಕೂತು ಬಣ್ಣ ಹೊಡೆದ. ನಾನು ನಟ್ಟು ಬೋಲ್ಟು ಎತ್ತಿಕೊಡ್ತಿದ್ದೆ."

"ನಿಮ್ಮ ಮಾವ?"

"ಶೆಡ್ಡಿನ ಕಡೆ ತಲೆನೂ ಹಾಕಲಿಲ್ಲ. ಎತ್ತರದ ಗಾಡಿ ಮಗುಚುತ್ತೆ ಅಂತ ಅವರ ವಾದ. ಇವರಿಬ್ರೂ ನಕ್ಕುಬಿಟ್ರು. ಆವತ್ತಿಂದ ಮಾತಿಲ್ಲ."

ಹೊಸ ಸ್ಪ್ರಿಂಗು, ಶಾಕುಗಳ ಸಸ್ಪೆನ್ಷನ್ ಹಾಕಿ ಒಂದು ವಾರ ಗಾಡಿ ಚೆನ್ನಾಗಿಯೇ ಓಡಿತ್ತು. ಮೊನ್ನೆ ಸಂಜೆ ಮೆಕ್ಯಾನಿಕ್ ಮನೆಗೇ ಬಂದು ಎಲ್ಲ ನಟ್ಟನ್ನೂ ಮತ್ತೆ ಪರೀಕ್ಷಿಸಿದ್ದ. ನಿನ್ನೆ ಬೆಳಿಗ್ಗೆ ಗುಡ್ಡದ ತಿರುವಿನಲ್ಲಿ ಸ್ಟಿಯರಿಂಗ್ ಮಾತು ಕೇಳದೆ ಟ್ರಕ್ಕು ಅಂಚು ದಾಟಿ, ಒಂದು ಮರಕ್ಕೆ ಸಿಕ್ಕಿ ನೇತಾಡಿತ್ತು. ಗಂಡನ ಸೊಂಟ ಮುರಿದಿತ್ತು. ಇವತ್ತು ಮಧ್ಯಾಹ್ನ ಶಸ್ತ್ರಚಿಕಿತ್ಸೆ.

"ಮೊನ್ನೆ ಮೆಕ್ಯಾನಿಕ್ ಅಣ್ಣ ನೋಡುವಾಗ ಬೆಳಕು ಹಿಡಿದವಳು ನಾನೇ. ಎಲ್ಲಾ ಬಿಗಿಯಾಗಿತ್ತು. ರಾತ್ರಿ ಗಾಡಿ ನಮ್ಮ ಗೇಟಿನೊಳಗಿತ್ತು, ಗೇಟಿಗೆ ಬೀಗ. ಹಾಗಾದ್ರೆ ಮನೆಯವರಲ್ದೆ ಇನ್ಯಾರು?" ಅವಳು ಮತ್ತೆ ಮೊಬೈಲ್ ನೋಡಿಕೊಂಡಳು. "ಆದ್ರೆ ಇನ್ಸ್‌ಪೆಕ್ಟರು ನಂಬ್ತಿಲ್ಲ. ಮೆಕ್ಯಾನಿಕ್ ನನ್ನ ತವರಿನ ಕಡೆಯವನು, ಅವನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯ ಅಂತಾರೆ. ಸಂಜೆಯೊಳಗೆ ಅವನ್ನ ಒಳಗೆ ಹಾಕ್ತಾರಂತೆ. ಒಳಗೆ ಹಾಕಿದ್ರೆ ವಿಷಯ ಮುಗೀತು ಅಂತಾರೆ ಎಲ್ಲಾರೂ. ನಿಜವಾಗಿ ಮಾಡಿದವರು ನನ್ನ ಗಂಡನ ಪಕ್ಕ ಬಂದು ಕೂತ್ಕೋತಾರೆ."

ನಾನು ಕ್ಯಾಮೆರಾ ಕೈಗೆತ್ತಿಕೊಂಡೆ. ಟಾರ್ಚಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಠಾಣೆಯ ಹಿತ್ತಲಲ್ಲಿ ಟ್ರಕ್ಕು ನಿಂತಿತ್ತು. ಒಂದು ಕಡೆಯ ಬಾಗಿಲು ಕಾಗದದಂತೆ ಮುದುಡಿತ್ತು. ಗಾಜಿನ ಚೂರಿನ ನಡುವೆ ಔಷಧಿ ಡಬ್ಬಿಗಳು. ಬೆಂಚಿನ ಮೇಲೆ ಮೆಕ್ಯಾನಿಕ್ ತಲೆ ತಗ್ಗಿಸಿ ಕೂತಿದ್ದ.

"ಬನ್ನಿ ಮೇಡಂ," ಎಂದರು ಇನ್ಸ್‌ಪೆಕ್ಟರ್. "ಇದರಲ್ಲಿ ಪತ್ತೆ ಮಾಡೋಕೆ ಏನೂ ಇಲ್ಲ. ಬಲಗಡೆ ಒಂದು ಬೋಲ್ಟೇ ಇಲ್ಲ, ಎಡಗಡೆ ನಟ್ಟು ಸಡಿಲ. ಅರೆಬರೆ ಕೆಲಸ."

ಟಾರ್ಚಮ್ಮ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ಕೂತರು. ಮಲಗುವ ಅಗತ್ಯವೇ ಬೀಳಲಿಲ್ಲ, ಅಷ್ಟು ಎತ್ತರವಿತ್ತು. "ಫೋಟೋದವರೇ, ಇಲ್ಲಿ," ಎಂದರು. ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲಿನ ಬಲತುದಿಯಲ್ಲಿ, ದಪ್ಪ ಕಬ್ಬಿಣದ ಸರಳೊಂದು ಹಿಡಿತ ತಪ್ಪಿ ಜೋತುಬಿದ್ದಿತ್ತು. ಅದನ್ನು ಹಿಡಿದಿರಬೇಕಾದ ಬೋಲ್ಟಿನ ತೂತು ಖಾಲಿ.

"ಇದೇನಪ್ಪಾ?" ಎಂದು ಮೆಕ್ಯಾನಿಕ್‌ನನ್ನು ಕೇಳಿದರು.

"ಅಡ್ಡಸರಳು ಅಮ್ಮ. ಆಕ್ಸಲ್ ಅತ್ತಿತ್ತ ಜರುಗದ ಹಾಗೆ ಹಿಡಿಯೋದು ಅದೇ, ಅದು ಬಿಟ್ರೆ ಸ್ಟಿಯರಿಂಗ್ ಮಾತು ಕೇಳಲ್ಲ. ಗಾಡಿ ಎತ್ತರಿಸಿದ್ರೆ ಅದರ ಕೋನ ಕೆಡುತ್ತೆ. ಅದಕ್ಕೆ ಬಲಗಡೆ ಶಾಕನ್ನ ಹಿಂದಕ್ಕೆ ಸರಿಸಿ, ಅದರ ಹಳೇ ಜಾಗದಲ್ಲಿ ಸರಳಿನ ತುದಿ ಕೂರಿಸಿದೆ. ಎಡಗಡೆ ಶಾಕು ಮುಂಚೆ ಇದ್ದಲ್ಲೇ ಇದೆ." ಅವನು ಬೆರಳಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. "ಬಿಗಿದ ಮೇಲೆ ಪ್ರತಿ ನಟ್ಟಿಗೂ ಬೋಲ್ಟಿಗೂ ಸೇರಿಸಿ ಬಿಳಿ ಗೆರೆ ಎಳೀತೀನಿ. ನಟ್ಟು ಒಂದು ಕೂದಲಷ್ಟು ತಿರುಗಿದ್ರೂ ಗೆರೆ ಮುರಿಯುತ್ತೆ. ಮೊನ್ನೆ ಯಾವ ಗೆರೆನೂ ಮುರಿದಿರಲಿಲ್ಲ."

ಟಾರ್ಚಮ್ಮ ಖಾಲಿ ತೂತಿನ ಅಂಚನ್ನು ಬೆರಳಿಂದ ಸವರಿದರು. "ದುಂಡಗೇ ಇದೆ. ದಿನಗಟ್ಟಲೆ ಅಲ್ಲಾಡಿದ್ರೆ ಸವೆದು ಮೊಟ್ಟೆ ಆಕಾರ ಆಗಿರೋದು." ಮತ್ತೆ ಎಡಕ್ಕೆ ಜರುಗಿದರು. ಅಲ್ಲಿ ಶಾಕಿನ ನಟ್ಟಿನ ಮೇಲಿನ ಬಿಳಿ ಗೆರೆ ಬೋಲ್ಟಿನ ಗೆರೆಯಿಂದ ದೂರ ಸರಿದಿತ್ತು. ನಟ್ಟಿನ ಮೂಲೆಗಳಲ್ಲಿ ಹೊಸ ಗೀರು. ಗಾಡಿಯ ಕೆಳಗೆ ಇನ್ನೆಲ್ಲೂ ಗೆರೆ ಮುರಿದಿರಲಿಲ್ಲ. ಅವರು ಆ ಎಡಗಡೆಯ ನಟ್ಟನ್ನೇ ಬಹಳ ಹೊತ್ತು ನೋಡಿದರು. ನನಗೆ ಚಡಪಡಿಕೆಯಾಗಿ, "ಕಳಚಿರೋದು ಬಲಗಡೆ ತಾನೇ?" ಎಂದೆ.

"ಅದಕ್ಕೇ ಇದನ್ನ ನೋಡ್ತಿದೀನಿ," ಎಂದರು.

ಅಲ್ಲಿಂದ ಆ ಮನೆಗೆ ಹೋದೆವು. ಗೇಟಿನೊಳಗೆ ಟ್ರಕ್ಕು ನಿಲ್ಲುವ ಜಾಗ ಬರಿದಾಗಿತ್ತು. ಚಾಲಕನ ತಮ್ಮ, ಮೆಟ್ಟಿಲ ಮೇಲೆ ಕೂತಿದ್ದವನು, ನಮ್ಮನ್ನು ಕಂಡು ಸಿಡಿದೆದ್ದ.

"ಅತ್ತಿಗೆ ಕಳಿಸಿದ್ರಾ? ಆಸ್ಪತ್ರೆ ಬಾಗಿಲಲ್ಲಿ ನಾಯಿ ಓಡಿಸಿದ ಹಾಗೆ ಓಡಿಸಿದ್ರು. ನನ್ನಣ್ಣ ಅವನು! ಎತ್ತರದ ವಿಷಯಕ್ಕೆ ಜಗಳ ಆಡಿದೆ, ನಿಜ. ಅಷ್ಟಕ್ಕೆ ಯಾರಾದ್ರೂ ಸ್ವಂತ ಅಣ್ಣನ್ನ ಕೊಲ್ತಾರಾ?"

"ಆ ಬಲಗಡೆ ಬೋಲ್ಟು ಬಿಚ್ಚಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿತ್ತಾ?" ಎಂದು ಟಾರ್ಚಮ್ಮ ಕೇಳಿದರು.

"ಯಾಕ್ ಗೊತ್ತಿಲ್ಲ? ಆ ಸರಳಿಗೆ ಬಣ್ಣ ಹೊಡೆದವನೇ ನಾನು," ಎಂದವನು, ತಾನು ಏನು ಹೇಳಿಬಿಟ್ಟೆನೆಂದು ಹೊಳೆದು ಬಿಳಿಚಿಕೊಂಡ.

ಒಳಗೆ ತಂದೆ ಕಿಟಕಿಯ ಬಳಿ ಕೂತಿದ್ದರು. ಎಡ ಮಂಡಿಗೆ ಪಟ್ಟಿ. ಏಳಲು ಹೋದವರನ್ನು ಟಾರ್ಚಮ್ಮ ಕೈಸನ್ನೆ ಮಾಡಿ ಕೂರಿಸಿದರು.

"ಯಾವ ಬೋಲ್ಟಂತೆ?" ಎಂದು ಅವರೇ ಕೇಳಿದರು. "ಪೊಲೀಸರು ನನಗೆ ಏನೂ ಹೇಳಲಿಲ್ಲ. ಮುದುಕ, ಮಂಡಿ ಮಡಚಲ್ಲ, ಇವನನ್ನ ಏನು ಕೇಳೋದು ಅಂತ ಬಿಟ್ಟುಬಿಟ್ರು."

"ಮುಂದಿನ ಆಕ್ಸಲಿಂದು. ಬಲಗಡೆ, ಚಕ್ರದ ಹತ್ತಿರ."

ಅವರು ಜೋರಾಗಿ ತಲೆ ಅಲ್ಲಾಡಿಸಿದರು. "ಸಾಧ್ಯವೇ ಇಲ್ಲ. ಅದು ಶಾಕಿನ ಬೋಲ್ಟು. ಅದು ಕಳಚಿದ್ರೆ ಗಾಡಿ ಲೊಡಲೊಡ ಅನ್ನುತ್ತೆ, ಕುಣಿಯುತ್ತೆ. ಪ್ರಪಾತಕ್ಕೆ ಇಳಿಯಲ್ಲ. ಬೇರೆ ಏನೋ ಆಗಿದೆ. ಸರಿಯಾಗಿ ನೋಡಿ, ಬೇರೆ ಏನೋ ಆಗಿರಲೇಬೇಕು."

ಕೊನೆಯ ಮಾತನ್ನು ಅಂಗಲಾಚುವವರಂತೆ ಹೇಳಿದರು. ಟಾರ್ಚಮ್ಮ ಹೊರಗೆ ಬಂದರು. ಗೇಟು ದಾಟಿದ ಮೇಲೆ ನನ್ನ ತೋಳು ಹಿಡಿದುಕೊಂಡರು. "ಎಲ್ಲರನ್ನೂ ಆಸ್ಪತ್ರೆಗೆ ಬರಹೇಳಿ. ಇನ್ಸ್‌ಪೆಕ್ಟರನ್ನೂ," ಎಂದರು.

ಶಸ್ತ್ರಚಿಕಿತ್ಸೆ ಇನ್ನೂ ಮುಗಿದಿರಲಿಲ್ಲ. ಕಾಯುವ ಕೋಣೆಯಲ್ಲಿ ಸೊಸೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಮೈದುನ ಒಂದು ಮೂಲೆ, ಮಾವ ಒಂದು ಮೂಲೆ. ಮೆಕ್ಯಾನಿಕ್ ಇನ್ಸ್‌ಪೆಕ್ಟರ ಪಕ್ಕ. ಡಾಕ್ಟರು ಯಾವ ಕ್ಷಣ ಬಂದು ಏನು ಹೇಳುತ್ತಾರೋ ಎಂದು ಎಲ್ಲರಿಗೂ ಒಂದೇ ದಿಗಿಲು. ಆದರೂ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

"ಮೆಕ್ಯಾನಿಕ್ ತಪ್ಪು ಮಾಡಿಲ್ಲ ಸಾಹೇಬ್ರೇ," ಎಂದು ಟಾರ್ಚಮ್ಮ ಶುರುಮಾಡಿದರು. "ವಾರದಿಂದ ಸಡಿಲ ಇದ್ದಿದ್ರೆ ತೂತು ಸವೆದಿರೋದು. ಸವೆದಿಲ್ಲ. ಎಡಗಡೆ ನಟ್ಟಿನ ಮೇಲೆ ಬಿಳಿ ಗೆರೆ ಇದೆ, ಅಂದ್ರೆ ಬಿಗಿದ ಮೇಲೆ ಎಳೆದಿದ್ದು. ಆಮೇಲೆ ಯಾರೋ ಸ್ಪ್ಯಾನರ್ ಹಾಕಿ ತಿರುಗಿಸಿದಾರೆ, ಗೀರು ಹೊಸದು. ಈ ಹುಡುಗಿ ಹೇಳಿದ್ದು ನಿಜ. ಗೇಟಿನ ಒಳಗೇ ನಡೆದಿರೋ ಕೆಲಸ ಇದು."

ಸೊಸೆಯ ಕಣ್ಣು ಮೈದುನನ ಕಡೆ ಹರಿಯಿತು. ಅವನು ಗೋಡೆಗೆ ಒರಗಿದ.

"ತಡಿ," ಎಂದರು ಟಾರ್ಚಮ್ಮ. "ನನಗೆ ತೊಡಕಾಗಿದ್ದು ಆ ಎಡಗಡೆ ನಟ್ಟೇ. ಬಲಗಡೆ ಅಡ್ಡಸರಳು ಬಿಟ್ರೆ ಪ್ರಾಣ ಹೋಗುತ್ತೆ. ಎಡಗಡೆ ಇರೋದು ಬರೀ ಶಾಕು. ಅದನ್ನ ಸಡಿಲ ಮಾಡಿದ್ರೆ ಲೊಡಲೊಡ ಸದ್ದು ಬರುತ್ತೆ, ಚಾಲಕ ಎಚ್ಚೆತ್ಕೋತಾನೆ. ಕೊಲ್ಲೋಕೆ ಹೊರಟವನು ಗಂಟೆ ಕಟ್ಟಿ ಕಳಿಸ್ತಾನಾ? ಎರಡನ್ನೂ ಒಂದೇ ಕೈ ಮುಟ್ಟಿದೆ ಅಂದ್ರೆ, ಆ ಕೈ ಎರಡನ್ನೂ ಶಾಕು ಅಂತಲೇ ತಿಳ್ಕೊಂಡಿತ್ತು. ಅದಕ್ಕೆ ಬೇಕಾಗಿದ್ದು ಸಾವಲ್ಲ, ಸದ್ದು."

ಟಾರ್ಚಮ್ಮ ಒಬ್ಬೊಬ್ಬರನ್ನೇ ನೋಡುತ್ತಾ ಮುಂದುವರಿಸಿದರು.

"ಹೊಸ ಸಸ್ಪೆನ್ಷನ್ ಹಾಕುವಾಗ ಈ ಹುಡುಗಿ ಬೋಲ್ಟು ಎತ್ತಿಕೊಟ್ಟಿದ್ದಾಳೆ. ಮೈದುನ ಬಣ್ಣ ಹೊಡೆದಿದ್ದಾನೆ. ಬಲಗಡೆ ಇರೋದು ಶಾಕಲ್ಲ ಅಂತ ಇಬ್ಬರಿಗೂ ಗೊತ್ತು. ಗೊತ್ತಿಲ್ಲದವರು ಆ ಮನೇಲಿ ಒಬ್ಬರೇ. ಹಳೇ ಗಾಡಿಯ ಒಂದೊಂದು ನಟ್ಟೂ ಬಲ್ಲವರು, ಆದ್ರೆ ಕೋಪ ಮಾಡ್ಕೊಂಡು ಶೆಡ್ಡಿಗೆ ಕಾಲಿಡದವರು. ಬಲಗಡೆ ಬೋಲ್ಟು ಅಂದ ಕೂಡಲೇ 'ಅದು ಶಾಕಿಂದು' ಅಂತ ನನಗೇ ಹೇಳಿದವರು."

ಇನ್ಸ್‌ಪೆಕ್ಟರ್ ಮುದುಕರ ಮಂಡಿ ನೋಡಿದರು. "ಇವರು ಗಾಡಿ ಕೆಳಗೆ ಮಲಗೋದು ಹೇಗೆ ಮೇಡಂ?"

"ಮಲಗೋದು ಬೇಡ. ನಾನೇ ಕೂತು ಕೈಚಾಚಿದೆ. ಗಾಡಿ ಮೂರು ಇಂಚು ಎತ್ತರ ಆಗದೇ ಇದ್ದಿದ್ರೆ ಇವರ ಕೈಲಿ ಆಗ್ತಿರಲಿಲ್ಲ."

ಮುದುಕರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ಮಾತು ಬಂತು. "ಕತ್ತಲಲ್ಲಿ ಕೈಯಿಂದ ತಡವಿ, ಎರಡೂ ಕಡೆ ನಾಲ್ಕು ಸುತ್ತು ಸಡಿಲ ಮಾಡಿದೆ, ಅಷ್ಟೇ. ಊರು ದಾಟೋದರೊಳಗೆ ಲೊಡಲೊಡ ಅಂದ್ರೆ ವಾಪಸ್ ಬರ್ತಾನೆ, ಈ ದರಿದ್ರ ಎತ್ತರ ಬೇಡ ಅಂತ ಹಳೇ ಸ್ಪ್ರಿಂಗ್ ಹಾಕಿಸ್ತಾನೆ ಅಂದ್ಕೊಂಡೆ. ಆ ತಿರುವಲ್ಲಿ ಎತ್ತರದ ಗಾಡಿ ಮಗುಚಿದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ನನ್ನ ಮಗ ಹಾಗಾಗಬಾರದು ಅಂತ... ಸದ್ದು ಬಂದ್ರೂ ಅವನ್ಯಾಕೆ ನಿಲ್ಲಿಸಲಿಲ್ಲ?"

ಮೆಕ್ಯಾನಿಕ್ ಮೊದಲ ಬಾರಿಗೆ ತಲೆಯೆತ್ತಿದ. "ಹೊಸ ರಬ್ಬರ್ ಬುಷ್ಷು, ಸ್ವಲ್ಪ ದಿನ ಸದ್ದು ಮಾಡುತ್ತೆ, ಹೆದರಬೇಡ ಅಂತ ನಾನೇ ಅವನಿಗೆ ಹೇಳಿದ್ದೆ," ಎಂದ ಮೆಲ್ಲಗೆ.

"ಎರಡೂ ನಟ್ಟು ಅಷ್ಟಷ್ಟೇ ಸಡಿಲ ಆಗಿದ್ವು," ಎಂದರು ಟಾರ್ಚಮ್ಮ. "ಎಡಗಡೆ ಶಾಕಿನ ಮೇಲೆ ಅಡ್ಡ ಸೆಳೆತ ಇಲ್ಲ, ಉಳೀತು. ಬಲಗಡೆ ಪ್ರತಿ ತಿರುವಿನ ಭಾರ ಬಿತ್ತು, ನಟ್ಟು ಕಳಚಿ ಬೋಲ್ಟು ಬಿತ್ತು."

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ಎಲ್ಲರೂ ಒಟ್ಟಿಗೆ ಎದ್ದು ನಿಂತೆವು. "ಎಚ್ಚರ ಆಗಿದೆ," ಎಂದರು ಅವರು. "ನಡೆಯೋಕೆ ತಿಂಗಳುಗಳು ಬೇಕು. ಆದ್ರೆ ನಡೀತಾರೆ. ಒಬ್ಬರೋ ಇಬ್ಬರೋ ಹೋಗಿ ಮಾತಾಡಿಸಿ."

ಮೈದುನ ಗೋಡೆಗೆ ಹಣೆ ಒತ್ತಿ ಬಿಕ್ಕಿದ. ಸೊಸೆ ಅವನ ಹತ್ತಿರ ಹೋಗಿ ತಲೆ ಮೇಲೆ ಕೈಯಿಟ್ಟಳು. ಇನ್ಸ್‌ಪೆಕ್ಟರ್ ಮುದುಕರ ಕಡೆ ಹೆಜ್ಜೆಯಿಟ್ಟಾಗ ಟಾರ್ಚಮ್ಮ ಅಡ್ಡ ನಿಂತರು.

"ಹೇಳಿಕೆ ಆಮೇಲೆ ತಗೊಳ್ಳಿ ಸಾಹೇಬ್ರೇ. ಮೊದಲು ಅವರು ಮಗನಿಗೆ ಹೇಳಲಿ. ಬೇರೆಯವರ ಬಾಯಿಂದ ಅವನ ಕಿವಿಗೆ ಬೀಳೋದು ಬೇಡ."

ಮುದುಕರು ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದರು. ಸೊಸೆ ಮತ್ತೆ ಬಾಗಿಲಲ್ಲಿ ಬಂದು ನಿಂತಿದ್ದಳು.

"ಒಳಗೆ ಹೋಗ್ಲಾ ತಾಯಿ?" ಎಂದರು. ಆ ದನಿಯನ್ನು ನಾನು ಮರೆತಿಲ್ಲ.

ಅವಳು ಬಾಗಿಲಿನಿಂದ ಸರಿಯಲಿಲ್ಲ. ಬೇಡ ಎಂದುಬಿಡುತ್ತಾಳೆಂದೇ ನಾನು ಅಂದುಕೊಂಡೆ. ಆಮೇಲೆ ಬಾಗಿಲು ತೆರೆದು, ಅವರ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾನೂ ಬರ್ತೀನಿ ಮಾವ," ಎಂದಳು. "ಒಬ್ಬರನ್ನೇ ಬಿಡಲ್ಲ."

ಅದು ನಂಬಿಕೆಯ ಮಾತೋ ಅಪನಂಬಿಕೆಯ ಮಾತೋ ನನಗೆ ತಿಳಿಯಲಿಲ್ಲ. ಟಾರ್ಚಮ್ಮನ ಮುಖ ನೋಡಿದೆ. ಅವರಿಗೂ ತಿಳಿದಂತಿರಲಿಲ್ಲ. ಬಾಗಿಲು ಮುಚ್ಚಿಕೊಂಡಿತು. ನಾವೆಲ್ಲ ಹೊರಗೆ ನಿಂತು, ಒಳಗಿನಿಂದ ಮಗನ ದನಿ ಕೇಳುವುದನ್ನೇ ಕಾಯುತ್ತಿದ್ದೆವು.