ಫೋಟೊದ ಮೂಲೆಯಲ್ಲಿ ಒಂದು ಬೆರಳು

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ರಭಸಕ್ಕೆ ಸೊಸೆಯ ಕೈಯಲ್ಲಿದ್ದ ಚಹಾ ಅರ್ಧ ನೆಲಕ್ಕೆ ಚೆಲ್ಲಿತು. ತೆರೆದು ನೋಡಿದರೆ ಕೆಳಗಿನ ಮಹಡಿಯ ಬ್ರೆಡ್ ವ್ಯಾನಿನ ಡ್ರೈವರ್. ಕಾಲಿಗೆ ಚಪ್ಪಲಿಯಿಲ್ಲ, ಮುಖದಲ್ಲಿ ರಕ್ತವಿಲ್ಲ. ಅವನ ಅಂಗಿಯ ತುದಿ ಹಿಡಿದುಕೊಂಡು ಆರು ವರ್ಷದ ಮಗಳು ಗುಬ್ಬಿ ನಿಂತಿದ್ದಳು. ಎರಡು ತಿಂಗಳ ಹಿಂದೆ ಉದುರಿದ ಮುಂದಿನ ಹಲ್ಲಿನ ಜಾಗ ಇನ್ನೂ ಖಾಲಿಯಾಗಿಯೇ ಇತ್ತು, ಆ ಸಂದಿಯಲ್ಲಿ ನಾಲಿಗೆ ಆಡಿಸುತ್ತ ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ನೆಗೆಟಿವ್ ಮಾವ ಇದ್ದಾರಾ? ನನ್ನ ಹೆಂಡ್ತಿ ಹೋಗ್ಬಿಟ್ಲು," ಎಂದ ಅವನು.

ಅವನ ಹೆಂಡತಿ ಸತ್ತು ಹದಿನಾಲ್ಕು ತಿಂಗಳಾಗಿತ್ತು.

"ಫೋಟೊ! ಅವಳ ಇಂಟರ್‌ನೆಟ್ ಪುಟದಲ್ಲಿದ್ದ ಫೋಟೊ! ಸಾವಿರದ ನೂರ ಅರವತ್ತನಾಲ್ಕು ಇತ್ತು. ಈಗ ಒಂದೂ ಇಲ್ಲ."

ಒಳಗಿನಿಂದ ಮಾವ ಎದ್ದು ಬಂದರು. ನಲವತ್ತು ವರ್ಷ ಫೋಟೊ ಸ್ಟುಡಿಯೋ ಒಂದರಲ್ಲಿ ನೆಗೆಟಿವ್‌ಗಳನ್ನು ತಿದ್ದಿದವರು. ಜನರ ಮೊಡವೆ, ಮಚ್ಚೆ, ಮೆಳ್ಳೆಗಣ್ಣು ಎಲ್ಲವನ್ನೂ ಅಳಿಸಿ ಮದುವೆಗೆ ಲಾಯಕ್ಕು ಮಾಡಿದ ಕೈ ಅವರದು. ಹೆಸರು ನೆಗೆಟಿವ್ ಎಂದಾದರೂ ಆಸಾಮಿ ಹಾಗಲ್ಲ. ಕಟ್ಟಡದಲ್ಲಿ ಟಪಾಲು ಕದ್ದವರು ಯಾರು, ಲಿಫ್ಟಿನ ಕನ್ನಡಿ ಒಡೆದವರು ಯಾರು ಎಂಬುದನ್ನೆಲ್ಲ ಭೂತಗನ್ನಡಿ ಹಿಡಿದು ಪತ್ತೆ ಮಾಡಿದವರು ಅವರೇ. ಈಗ ಕಣ್ಣಿಗೆ ಪೊರೆ ಬಂದು ಪರದೆಯ ಅಕ್ಷರ ಕಾಣುತ್ತಿರಲಿಲ್ಲ. ಹಾಗಾಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುವ ಸೊಸೆಯೇ ಅವರ ಕಣ್ಣು, ಕೆಲವೊಮ್ಮೆ ಕಾಲು ಕೂಡ.

ಮೂವರೂ ಮಗುವಿನೊಂದಿಗೆ ಕೆಳಗಿಳಿದರು. ಡ್ರೈವರನ ಹಾಲಿನ ಮೂಲೆಯಲ್ಲಿ ಹಳೆಯ ಕಂಪ್ಯೂಟರ್. ಪಕ್ಕದ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ಆ ಪುಟದ ಪಾಸ್‌ವರ್ಡ್ ದಪ್ಪಕ್ಷರದಲ್ಲಿತ್ತು.

"ಕಳ್ಳರಿಗೆ ಕೀಲಿಕೈ ಕೊಟ್ಟು ಮನೆ ದಾರಿಯನ್ನೂ ತೋರಿಸಿದ್ದೀಯಲ್ಲೋ!" ಎಂದರು ಮಾವ.

"ನೆನಪಿರಲ್ಲ ಮಾವ. ಮನೆಯವರೇ ಅಲ್ವಾ ಅಂತ..." ಅವನು ಮಗಳ ತಲೆ ನೇವರಿಸಿದ. "ದಿನಾ ಸಂಜೆ ಊಟಕ್ಕೆ ಮೊದಲು ಗುಬ್ಬಿಗೆ ಅಮ್ಮನ್ನ ತೋರಿಸ್ತೀನಿ. ನಿನ್ನೆ ನಾನು ಬರೋಷ್ಟರಲ್ಲಿ ಮಲಗಿಬಿಟ್ಟಿದ್ಲು, ಇವತ್ತು ಬೆಳಿಗ್ಗೆ ತೆರೆದ್ರೆ ಹೀಗೆ. ಅವಳಿಗೆ ಅಮ್ಮನ ಮುಖ ನೆನಪಿರೋದೇ ಇದರಿಂದ. ಇನ್ನು ಮುಂದೆ ಏನು ತೋರಿಸ್ಲಿ?"

"ನಿನ್ನ ಹೆಂಡ್ತಿ ಫೋನು?" ಎಂದರು ಮಾವ.

"ಆಸ್ಪತ್ರೇಲಿ ಬಕೆಟ್ ನೀರಿಗೆ ಬಿದ್ದು ಸತ್ತೋಯ್ತು. ನಾನು ಫೋನ್ ಬದಲಾಯಿಸಿದಾಗ ಹಳೇ ಮೆಸೇಜೂ ಹೋದ್ವು. ಅವಳು ಕಳಿಸಿದ್ದರಲ್ಲಿ ನಾಲ್ಕೇ ನಾಲ್ಕು ಉಳಿದಿದೆ." ತೋರಿಸುವಾಗ ಅವನ ತುಟಿಯಲ್ಲಿ ಅಳುವಿನ ನಡುವೆಯೂ ನಗು ಬಂತು. "ನೋಡಿ, ಎಲ್ಲದರಲ್ಲೂ ಮೂಲೇಲಿ ಅವಳ ಬೆರಳು. ಫೋನು ಹಿಡಿಯೋಕೇ ಬರ್ತಿರ್ಲಿಲ್ಲ. ತೆಗೆದ ತಕ್ಷಣ ಅವಸರದಲ್ಲಿ ನಮಗೆಲ್ಲ ಹಾಗೇ ಕಳಿಸೋಳು, ನಾವು ನಗಾಡ್ತಿದ್ವಿ. ಸಂಜೆ ಕೂತು ಬೆರಳಿರೋ ಅಂಚು ಕತ್ತರಿಸಿ ಪುಟಕ್ಕೆ ಹಾಕೋಳು."

"ನೀನು ಆ ಪುಟಕ್ಕೆ ಏನಾದ್ರೂ ಹಾಕ್ತಿದ್ಯಾ?"

"ಗುಬ್ಬಿದು ಹೊಸದೇನಾದ್ರೂ ಇದ್ರೆ ಹಾಕ್ತೀನಿ. ಬೇರೆ ಯಾರಿಗೂ ಕಾಣದ ಹಾಗೆ. ಅವಳಿಗೆ ತೋರಿಸಿದ ಹಾಗೆ ಅನ್ಸುತ್ತೆ."

ಅವನು ಮಗುವಿಗೆ ಹಾಲು ಕೊಡಲು ಅಡುಗೆಮನೆಗೆ ಹೋದಾಗ ಸೊಸೆ ಪುಟದ ಚಟುವಟಿಕೆಯ ಪಟ್ಟಿ ತೆರೆದಳು. ಓದುತ್ತ ಓದುತ್ತ ಅವಳ ದನಿ ಇಳಿಯಿತು. ಶನಿವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಇದೇ ಕಂಪ್ಯೂಟರಿನಿಂದ ಯಾರೋ ಎಲ್ಲ ಫೋಟೊಗಳ ಪ್ರತಿಯನ್ನು ಇಳಿಸಿಕೊಂಡಿದ್ದರು. ಮೂರು ಇಪ್ಪತ್ತೈದಕ್ಕೆ ಎಲ್ಲವನ್ನೂ ಅಳಿಸಿದ್ದರು. ಆಮೇಲೆ ಅಳಿಸಿದ್ದು ಹೋಗಿ ಸೇರುವ ಪುಟದ ಕಸದ ಬುಟ್ಟಿಯನ್ನೂ ಖಾಲಿ ಮಾಡಿದ್ದರು. ಕಂಪ್ಯೂಟರನ್ನೆಲ್ಲ ಜಾಲಾಡಿದರೂ ಆ ಪ್ರತಿ ಸಿಗಲಿಲ್ಲ.

"ಅಂದ್ರೆ ಫೋಟೊಗಳು ಬದುಕಿವೆ. ಯಾರದೋ ಜೇಬಲ್ಲಿವೆ," ಎಂದು ಮಾವ ಪಿಸುಗುಟ್ಟಿದರು. "ಇದನ್ನ ಯಾರಿಗೂ ಹೇಳ್ಬೇಡ, ಅವನಿಗೂ ಬೇಡ. ಅವನು ರೇಗಾಡಿದ್ರೆ ಕದ್ದವರು ಹೆದರಿ ಅದನ್ನ ಚರಂಡಿಗೆ ಎಸೀತಾರೆ. ಆಮೇಲೆ ಆ ಮಗೂಗೆ ಅಮ್ಮ ಎರಡನೇ ಸಲ ಸಾಯ್ತಾಳೆ."

ಶನಿವಾರ ಮಧ್ಯಾಹ್ನ ಡ್ರೈವರ್ ವ್ಯಾನಿನಲ್ಲಿದ್ದ. ಮನೆಯಲ್ಲಿ ಗುಬ್ಬಿಯಲ್ಲದೆ ಇದ್ದವರು ಮೂವರು ಹೆಂಗಸರು. ಡ್ರೈವರನ ತಾಯಿ, ಅಂದರೆ ಅಜ್ಜಿ. ಅಜ್ಜಿಗೆ ದಿನವೂ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಕೊಡಲು ಬರುವ ಗುಬ್ಬಿಯ ಚಿಕ್ಕಮ್ಮ. ಇವಳು ಸತ್ತವಳ ಒಡಹುಟ್ಟಿದ ತಂಗಿ, ಆಸ್ಪತ್ರೆಯ ನರ್ಸ್. ಮತ್ತೆ ಗುಬ್ಬಿಗೆ ಚಿತ್ರ ಹೇಳಿಕೊಡಲು ಬರುವ ಡ್ರಾಯಿಂಗ್ ಟೀಚರ್. ಮುಂದಿನ ತಿಂಗಳು ಡ್ರೈವರ್ ಮದುವೆಯಾಗಲಿದ್ದದ್ದು ಈ ಟೀಚರನ್ನೇ.

ಅಜ್ಜಿಯನ್ನು ಕೇಳಿದಾಗ ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಾನು ಮಲಗಿದ್ದೆನಪ್ಪ. ಮಧ್ಯೆ ನೀರಿಗೆ ಎದ್ದಾಗ ಟೀಚರ್ ಕಂಪ್ಯೂಟರ್ ಮುಂದೆ ಕೂತಿದ್ಲು. ಮಗೂಗೆ ಚಿತ್ರ ಪ್ರಿಂಟ್ ಮಾಡ್ತಿದ್ದೀನಿ ಅಂದ್ಲು. ಎದುರಿಗೆ ಚಿತ್ರ ಇತ್ತೋ, ಇನ್ನೇನಿತ್ತೋ, ನನ್ನ ಕಣ್ಣಿಗೆ ಏನು ಗೊತ್ತಾಗುತ್ತೆ?"

ಮೆಟ್ಟಿಲು ಹತ್ತುವಾಗ ಸೊಸೆಗೆ ತಡೆಯಲಾಗಲಿಲ್ಲ. "ಇನ್ನೇನು ಬೇಕು ಮಾವ? ಬರೋ ಮೊದಲೇ ಸವತಿಯ ಗುರುತು ಒರೆಸಿದ್ದಾಳೆ. ಮಲತಾಯಿ ಬುದ್ಧಿ!"

"ಒರೆಸೋಳು ಪ್ರತಿ ಯಾಕೆ ತಗೊಂಡ್ಲು?"

"ಮುಂದೆ ಬೇಕಾದಾಗ ಕುಣಿಸೋಕೆ."

"ನಿನ್ನ ಲ್ಯಾಬಲ್ಲಿ ರಕ್ತ ನೋಡೋಕೆ ಮೊದಲೇ ರಿಪೋರ್ಟ್ ಬರೀತೀಯಾ?" ಎಂದರು ಮಾವ. ಸೊಸೆ ಬಾಯಿ ಮುಚ್ಚಿಕೊಂಡಳು, ಆದರೆ ಮನಸ್ಸು ಮುಚ್ಚಲಿಲ್ಲ.

ಮಾವ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸಿದರು: ಮಗು ಅನ್ನ ಬಿಟ್ಟು ಅಳುತ್ತಿದೆ, ನಿಮ್ಮ ಹತ್ತಿರ ಅವಳಮ್ಮನ ಒಂದು ಫೋಟೊ ಇದ್ದರೂ ಸೋಮವಾರ ಸಂಜೆ ತನ್ನಿ. ಅದು ಸುಳ್ಳೇನೂ ಅಲ್ಲ. ಭಾನುವಾರ ಸಂಜೆ ಗುಬ್ಬಿ ಖಾಲಿ ಪುಟದ ಮುಂದೆ ಕೂತು, "ಅಮ್ಮ ಇನ್ನೂ ಎದ್ದಿಲ್ವಾ?" ಎಂದು ಕೇಳಿದ್ದನ್ನು ಸೊಸೆ ಕಿವಿಯಾರೆ ಕೇಳಿದ್ದಳು.

ಸೋಮವಾರ ಸಂಜೆ ಎಲ್ಲರೂ ಡ್ರೈವರನ ಹಾಲಿನಲ್ಲಿ ಸೇರಿದರು. ಗುಬ್ಬಿ ಪಕ್ಕದ ಕೋಣೆಯಲ್ಲಿ ಬಣ್ಣದ ಕಡ್ಡಿಗಳನ್ನು ಹರವಿಕೊಂಡಿದ್ದಳು.

ಅಜ್ಜಿ ಕೈಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದೇ ಒಂದು ಫೋಟೊ ತೆಗೆದರು. ತಾಯಿ ಮಗಳು ಕೆನ್ನೆಗೆ ಕೆನ್ನೆ ಒತ್ತಿ ನಗುತ್ತಿದ್ದರು, ಕೆಳಗಿನ ಮೂಲೆಯಲ್ಲಿ ಗುಲಾಬಿ ಬಣ್ಣದ ಮಬ್ಬು ಬೆರಳು. "ಬೆರಳು ಬಿದ್ದಿದೆ ಅಂತ ಹರಿದುಹಾಕೋಕೆ ಹೊರಟಿದ್ಲು. ನಾನು ಕಿತ್ಕೊಂಡೆ," ಎಂದರು.

ಟೀಚರ್ ಮೇಜಿನ ಮೇಲೆ ಖಾಲಿ ಹಾರ್ಡ್ ಡಿಸ್ಕ್ ಇಟ್ಟಳು. "ನನ್ನ ಹತ್ರ ಫೋಟೊ ಇಲ್ಲ. ನಾನು ಅವರನ್ನ ನೋಡಿದವಳೇ ಅಲ್ಲ. ಇದನ್ನ ತಂದು ಎರಡು ತಿಂಗಳಾಯ್ತು. ಎಲ್ಲಾ ಇಳಿಸಿಡಿ, ಇಂಥ ಪುಟಗಳನ್ನ ನಂಬೋಕಾಗಲ್ಲ ಅಂತ ಹೇಳಿ ಹೇಳಿ ನನ್ನ ಬಾಯಿ ನೋವು ಬಂತು. ಇವರು ನಾಳೆ ನಾಳೆ ಅಂದ್ರು."

"ನಾಳೆ ಎಂದವನ ಮನೆ ಹಾಳು," ಎಂದು ಡ್ರೈವರ್ ತನ್ನ ತಲೆಗೇ ತಾನೇ ಮೊಟಕಿಕೊಂಡ. ಸೊಸೆ ಮಾತ್ರ ಆ ಖಾಲಿ ಡಿಸ್ಕನ್ನೂ ಅನುಮಾನದಿಂದಲೇ ನೋಡಿದಳು.

ನರ್ಸ್ ಡ್ಯೂಟಿಗೆ ಹೋಗುವ ಬಟ್ಟೆಯಲ್ಲೇ ಬಂದಿದ್ದಳು. ಕಣ್ಣು ಊದಿಕೊಂಡಿತ್ತು. ಲಕೋಟೆಯಿಂದ ಮೂವತ್ತು ಫೋಟೊಗಳನ್ನು ತೆಗೆದು ಹರಡಿದಳು. ಅಜ್ಜಿ ಹೋ ಎಂದು ಅತ್ತರು. ಡ್ರೈವರ್ ನಾದಿನಿಯ ಎರಡೂ ಕೈ ಹಿಡಿದುಕೊಂಡು, "ನೀನು ಉಳಿಸಿದೆಯಮ್ಮಾ," ಎಂದ.

ಮಾವ ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಕಾಗದದ ಮೇಲಿನ ಚಿತ್ರಕ್ಕೆ ಅವರಿಗೆ ಇನ್ನೊಬ್ಬರ ಕಣ್ಣು ಬೇಕಿರಲಿಲ್ಲ. "ಇವು ನಿನಗೆ ಹೇಗೆ ಬಂದ್ವು?"

"ಅಕ್ಕ ತೆಗೆದ ಕೂಡ್ಲೇ ನನಗೆ ಕಳಿಸೋಳು. ಅದನ್ನೇ ಪ್ರಿಂಟ್ ಹಾಕಿಸ್ದೆ. ಅವಳು ಹೋದ್ಮೇಲೆ ಆ ಪುಟ ನಾನು ತೆರೆದೇ ಇಲ್ಲ. ನೋಡೋ ಶಕ್ತಿ ಇಲ್ಲ ನನಗೆ."

ಮಾವ ಕನ್ನಡಿ ಕೆಳಗಿಟ್ಟರು. ಡ್ರೈವರನ ಕಡೆ ತಿರುಗಿದರು.

"ನಿನಗೊಂದು ವಿಷಯ ಮುಚ್ಚಿಟ್ಟಿದ್ದೆ, ಕ್ಷಮಿಸು. ಅಳಿಸಿದವರು ಅಳಿಸೋ ಮೊದಲು ಪೂರ್ತಿ ಪ್ರತಿ ತಗೊಂಡಿದ್ದಾರೆ. ಅವಳ ಗುರುತೇ ಬೇಡ ಅನ್ನೋರು ಪ್ರತಿ ತಗೊಳ್ಳಲ್ಲ. ಅವಳು ನನಗೊಬ್ಬಳಿಗೇ ಬೇಕು ಅನ್ನೋರು ತಗೋತಾರೆ. ಹಾಗಾಗಿ ನಾನು ಹುಡುಕಿದ್ದು ದ್ವೇಷ ಇರೋರನ್ನಲ್ಲ."

ಮಾವ ಮೂವತ್ತೂ ಫೋಟೊಗಳನ್ನು ರಾಶಿ ಮಾಡಿ ಮುಂದಕ್ಕೆ ಸರಿಸಿದರು.

"ನಿನ್ನ ಹೆಂಡ್ತಿ ನೇರವಾಗಿ ಕಳಿಸಿದ ನಾಲ್ಕರಲ್ಲೂ ಬೆರಳಿದೆ. ಅಜ್ಜಿ ಕಿತ್ಕೊಂಡಿದ್ದರಲ್ಲೂ ಇದೆ. ಬೆರಳು ಹೋಗ್ತಿದ್ದದ್ದು ಪುಟಕ್ಕೆ ಹಾಕುವಾಗ ಮಾತ್ರ. ಈ ಮೂವತ್ತರಲ್ಲಿ ಒಂದರಲ್ಲೂ ಬೆರಳಿಲ್ಲ. ಒಂದೆರಡು ಹಾಗಿದ್ರೆ ಸರಿ ಅನ್ನಬಹುದಿತ್ತು. ಮೂವತ್ತಕ್ಕೆ ಮೂವತ್ತೂ ಅಂದ್ರೆ ಇವು ಅವಳ ಫೋನಿಂದ ಬಂದವಲ್ಲ, ಪುಟದಿಂದ ಬಂದವು."

"ಅಕ್ಕ ಕೆಲವೊಮ್ಮೆ ಕತ್ತರಿಸಿಯೂ ಕಳಿಸ್ತಿದ್ಲು," ಎಂದಳು ನರ್ಸ್.

"ಇರಬಹುದು ತಾಯಿ. ಹಾಗಾದ್ರೆ ಇದು?" ಮಾವ ರಾಶಿಯಿಂದ ಒಂದು ಫೋಟೊ ಎಳೆದು ಮುಂದಿಟ್ಟರು. ಪಟ್ಟೆಪಟ್ಟೆ ಸ್ವೆಟರ್ ಹಾಕಿಕೊಂಡ ಗುಬ್ಬಿ ಬಾಯ್ತುಂಬ ನಗುತ್ತಿದ್ದಳು. ಮುಂದಿನ ಹಲ್ಲು ಇರಲಿಲ್ಲ. "ಈ ಹಲ್ಲು ಬಿದ್ದು ಎರಡು ತಿಂಗಳು. ನಿನ್ನ ಅಕ್ಕ ಹೋಗಿ ಹದಿನಾಲ್ಕು ತಿಂಗಳು. ಇದನ್ನ ಅವಳು ನಿನಗೆ ಎಲ್ಲಿಂದ ಕಳಿಸಿದ್ಲು?"

ಡ್ರೈವರ್ ಫೋಟೊ ಎತ್ತಿಕೊಂಡ. "ಇದು ನಾನು ತೆಗೆದದ್ದು," ಎಂದ, ತನಗೆ ತಾನೇ ಹೇಳಿಕೊಳ್ಳುವವನ ಹಾಗೆ. "ಅವಳಿಗೆ ತೋರಿಸೋಕೆ ಅಂತ ಪುಟಕ್ಕೆ ಹಾಕಿದ್ದೆ. ಯಾರಿಗೂ ಕಾಣ್ತಿರ್ಲಿಲ್ಲ. ನಾನು ಯಾರಿಗೂ ಕಳಿಸಿಲ್ಲ."

ಸೊಸೆಗೆ ಸಿಡಿಲು ಬಡಿದಂತಾಯಿತು. ದಿನವೂ ರಕ್ತದ ಬಾಟಲಿಗಳ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಅಂಟಿಸಿ ತನ್ನ ಲ್ಯಾಬಿಗೆ ಕಳಿಸುತ್ತಿದ್ದ ನರ್ಸ್ ಇವಳೇ. ಇವಳ ಕೈ ತಪ್ಪು ಮಾಡಿದ್ದನ್ನು ಸೊಸೆ ಒಮ್ಮೆಯೂ ಕಂಡಿರಲಿಲ್ಲ. ಅಜ್ಜಿಯಂತೂ ಬಾಯಿ ತೆರೆದವರು ಮುಚ್ಚಲೇ ಇಲ್ಲ. ಅದೇ ಕೈ ತಾನೆ ತಮಗೆ ದಿನವೂ ಸೂಜಿ ಚುಚ್ಚುತ್ತಿದ್ದದ್ದು.

"ನೀನಾ?" ಎಂದ ಡ್ರೈವರ್. "ಯಾಕೆ? ಮಗು ಅಳೋದನ್ನ ನೋಡ್ತಾ ನೋಡ್ತಾ..."

"ನೋಡೋಕಾಗದೇ ಅಲ್ವಾ ಈ ಮೂವತ್ತು ತಂದಿದ್ದು!" ನರ್ಸ್ ಕಟ್ಟೆಯೊಡೆದಂತೆ ಕೂಗಿದಳು. "ಹುಷಾರಾಗಿ ಆರಿಸೋಕೂ ಆಗ್ಲಿಲ್ಲ, ಕಣ್ತುಂಬ ನೀರು. ಭಾವ, ಮುಂದಿನ ತಿಂಗಳು ಈ ಮನೆಗೆ ಇನ್ನೊಬ್ರು ಬರ್ತಾರೆ. ಆಮೇಲೆ ಒಂದೊಂದೇ ಗೋಡೆಯಿಂದ, ಫೋನಿಂದ, ಮಾತಿಂದ ನನ್ನಕ್ಕ ಇಳೀತಾಳೆ. ಯಾರೋ ಒರೆಸೋ ಮೊದಲು ನಾನೇ ಎತ್ಕೊಂಡು ಹೋಗೋಣ ಅಂದ್ಕೊಂಡೆ. ಅನುಮಾನ ಟೀಚರ್ ಮೇಲೆ ಬರುತ್ತೆ ಅಂತಾನೂ ಗೊತ್ತಿತ್ತು. ಬರ್ಲಿ ಅಂತಾನೇ ಇದ್ದೆ."

ಅವಳು ಕೊರಳಿನ ಗುರುತುಚೀಟಿಯ ದಾರ ಎಳೆದಳು. ಚೀಟಿಯ ಹಿಂದೆ ಹೆಬ್ಬೆರಳ ಗಾತ್ರದ ಪೆನ್ ಡ್ರೈವ್ ನೇತಾಡುತ್ತಿತ್ತು. ಎರಡು ದಿನದಿಂದ ಅಕ್ಕನನ್ನು ಅವಳು ಕುತ್ತಿಗೆಯಲ್ಲೇ ಕಟ್ಟಿಕೊಂಡು ತಿರುಗಿದ್ದಳು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಲಕೋಟೆಯನ್ನೂ ಅಲ್ಲೇ ಬಿಟ್ಟು ಬಾಗಿಲ ಕಡೆ ನಡೆದಳು. ಡ್ರೈವರ್ ತಡೆಯಲಿಲ್ಲ, ಮುಖ ಬೇರೆಡೆ ತಿರುಗಿಸಿಕೊಂಡಿದ್ದ.

"ನಿಲ್ಲಿ," ಎಂದಳು ಟೀಚರ್.

ಸೊಸೆ ಜಗಳಕ್ಕೆ ಸಿದ್ಧಳಾದಳು. ಟೀಚರ್ ಪೆನ್ ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು, ಪಕ್ಕದಲ್ಲಿ ತನ್ನ ಡಿಸ್ಕನ್ನೂ ಜೋಡಿಸಿದಳು. ಪರದೆಯ ಮೇಲೆ ಫೋಟೊಗಳು ಒಂದೊಂದಾಗಿ ಇಳಿಯತೊಡಗಿದವು. ಸಾವಿರದ ನೂರ ಅರವತ್ತನಾಲ್ಕು ಎಂದು ತೋರಿಸಿ ನಿಂತಾಗ ಪೆನ್ ಡ್ರೈವನ್ನು ಕಿತ್ತು, ಎದ್ದು ಹೋಗಿ ನರ್ಸಿನ ಅಂಗೈಯಲ್ಲಿ ಇಟ್ಟಳು.

"ಒಂದೇ ಕಡೆ ಇಟ್ರೆ ಏನಾಗುತ್ತೆ ಅಂತ ಈಗ ಗೊತ್ತಾಯ್ತಲ್ಲ. ಒಂದು ಈ ಮನೇಲಿರ್ಲಿ. ಇನ್ನೊಂದು ನಿಮ್ಮ ಹತ್ರಾನೇ ಇರ್ಲಿ. ನಾನು ಅವರನ್ನ ನೋಡಿಲ್ಲ. ಈ ಫೋಟೊದಲ್ಲಿರೋರು ಯಾರು, ಅವತ್ತು ಏನಾಯ್ತು ಅಂತ ಗುಬ್ಬಿ ಕೇಳಿದ್ರೆ ನನಗೆ ಹೇಳೋಕೆ ಬರಲ್ಲ. ನೀವು ಬಂದು ಹೇಳ್ಬೇಕು."

ನರ್ಸ್ ಪೆನ್ ಡ್ರೈವನ್ನು ಎದೆಗೊತ್ತಿಕೊಂಡು ಅಲ್ಲೇ ಕೂತಳು. ಸೊಸೆಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ರಕ್ತ ನೋಡುವ ಮೊದಲೇ ತಾನು ಬರೆದಿದ್ದ ರಿಪೋರ್ಟು ಪೂರ್ತಿ ಸುಳ್ಳಾಗಿತ್ತು.

ಗದ್ದಲ ಕೇಳಿ ಗುಬ್ಬಿ ಹೊರಗೆ ಬಂದಳು. "ನೋಡು ಪುಟ್ಟಿ, ಅಮ್ಮ ಎಲ್ಲಾ ವಾಪಸ್ ಬಂದ್ಲು," ಎಂದು ಡ್ರೈವರ್ ಅವಳನ್ನು ಎತ್ತಿ ಪರದೆಯ ಮುಂದೆ ಕೂರಿಸಿದ. ಅವಳು ನೋಡಿದಳು, ನಕ್ಕಳು. ಆಮೇಲೆ ಜಾರಿ ಇಳಿದು ಮೇಜಿನ ಹತ್ತಿರ ಹೋಗಿ ಅಜ್ಜಿಯ ಸುಕ್ಕಾದ ಫೋಟೊ ಎತ್ತಿಕೊಂಡಳು.

"ಇದೇನಜ್ಜಿ, ಮೂಲೇಲಿ?"

"ಅದು ನಿಮ್ಮಮ್ಮನ ಬೆರಳು ಕಂದಾ. ಅಡ್ಡ ಬಂದಿದೆ."

ಗುಬ್ಬಿ ಆ ಮಬ್ಬು ಗುಲಾಬಿಯ ಮೇಲೆ ತನ್ನ ಪುಟ್ಟ ಬೆರಳನ್ನು ಇಟ್ಟಳು. ತೆಗೆಯಲೇ ಇಲ್ಲ. "ಇದು ನನಗೆ," ಎಂದಳು.

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತರು. ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಸೊಸೆಯ ಭುಜ ಹಿಡಿದುಕೊಂಡರು.

"ನಲವತ್ತು ವರ್ಷ ಕಣಮ್ಮಾ," ಎಂದರು, "ಇಂಥ ಬೆರಳುಗಳನ್ನೆಲ್ಲ ಕೂತು ಕೂತು ಅಳಿಸಿದ್ದೀನಿ."