ಕೈಗೆ ಕೇಳಿಸ್ತಿಲ್ಲ

ಇದನ್ನು ಯಾರಾದರೂ ದೆವ್ವದ ಕಥೆ ಎಂದರೆ ನನಗೆ ಸಿಟ್ಟು ಬರುತ್ತದೆ.

ಕೊನೆಗಾಲದಲ್ಲಿ ಅಮ್ಮನಿಗೆ ಕಿವಿ ಪೂರ್ತಿ ಹೋಗಿತ್ತು. ನಾನು ಬೇಸ್ ಗಿಟಾರ್ ನುಡಿಸುವಾಗ ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಊರಿ, “ಜಾಸ್ತಿ ಮಾಡೋ, ಕೈಗೆ ಕೇಳಿಸ್ತಿಲ್ಲ,” ಎನ್ನುತ್ತಿದ್ದಳು. ಸಾಕು ಎನ್ನಲು ನಾನು ಆ ಕೈಯನ್ನು ಎರಡು ಸಲ ತಟ್ಟುತ್ತಿದ್ದೆ.

ಅವಳು ತೀರಿಕೊಂಡ ಮೇಲಿನ ಮೊದಲ ಕಾರ್ಯಕ್ರಮಕ್ಕೂ ಅದೇ ಪೆಟ್ಟಿಗೆ ಒಯ್ದಿದ್ದೆ. ಮಧ್ಯಾಹ್ನ ವೇದಿಕೆಯಲ್ಲಿ ತಾಲೀಮಿಗೆ ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಏಳಕ್ಕಿಟ್ಟು ಶುರುಮಾಡಿದೆ. ಸೌಂಡಿನವನು ಕೂಗಿದ: “ಹಾಡೋರ ಗಂಟಲೂ ಸ್ವಲ್ಪ ಕೇಳ್ಲಿ ಸ್ವಾಮಿ!” ನೋಡಿದರೆ ಹತ್ತು. ಇಳಿಸಿದೆ, ಮತ್ತೆ ಹತ್ತು. ಗುಂಡಿಯ ಮೇಲೆ ಟೇಪ್ ಅಂಟಿಸಿದರೆ ಅದರಡಿಯಲ್ಲೇ ತಿರುಗಿ ಹತ್ತಕ್ಕೆ ಬಂತು.

ಕೊನೆಗೆ ಪೆಟ್ಟಿಗೆಯ ಮೇಲೆ ಎರಡು ಸಲ ತಟ್ಟಿದೆ. ವಾಲ್ಯೂಮ್ ಏಳಕ್ಕಿಳಿದು ನಿಂತಿತು.

ಆದರೆ ತಟ್ಟಿದಾಗ ಮರದ ಸದ್ದು ಬರಲಿಲ್ಲ. ಬೆರಳಿಗೆ ತಾಕಿದ್ದು ಮೆತ್ತಗಿತ್ತು, ಬೆಚ್ಚಗಿತ್ತು.